ಒಂದೇ ಜಾಗ, ಎರಡು ನೆಲಸಮ

‘ಯಾವ ಹಳೆಯ ಕಟ್ಟಡ ಉಳಿಯಬೇಕೆಂಬುದನ್ನು ರಾಜಕೀಯ ತೀರ್ಮಾನಿಸುತ್ತದೆಯೇ?’ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಹೌದು. ಬರ್ಲಿನ್ ನಗರದ ನಟ್ಟನಡುವಿನ ಒಂದು ಜಾಗವನ್ನೇ ನೋಡಿ.

ಅಲ್ಲಿ ಹಿಂದಿನ ಜರ್ಮನ್ ರಾಜ್ಯವಾದ ಪ್ರಷ್ಯಾದ ದೊರೆಗಳ ಅರಮನೆಯಿತ್ತು. 1945ರ ಬಾಂಬ್ ದಾಳಿಯಲ್ಲಿ ಸುಟ್ಟರೂ ಗೋಡೆಗಳು ನಿಂತಿದ್ದವು. ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರದ ಕಣ್ಣಿಗೆ ಅದು ರಾಜಶಾಹಿಯ ಗುರುತು. 1950ರಲ್ಲಿ ಸಿಡಿಮದ್ದು ಇಟ್ಟು ಉರುಳಿಸಿದರು. ಆದರೆ ಒಂದು ದ್ವಾರದ ಭಾಗಗಳನ್ನು ಜೋಪಾನವಾಗಿ ಬಿಚ್ಚಿ ತೆಗೆದಿಟ್ಟರು. 1918ರಲ್ಲಿ ಎಡಪಂಥೀಯ ಕ್ರಾಂತಿಕಾರಿ ನಾಯಕ ಕಾರ್ಲ್ ಲೀಬ್‌ಕ್ನೆಕ್ಟ್ ಸಮಾಜವಾದಿ ಗಣರಾಜ್ಯವನ್ನು ಘೋಷಿಸಿದ್ದು ಆ ದ್ವಾರದ ಬಾಲ್ಕನಿಯಿಂದ ಎಂಬುದೇ ಕಾರಣ. 1960ರ ದಶಕದಲ್ಲಿ ಸಮೀಪದಲ್ಲೇ ಕಟ್ಟಿದ ಸರ್ಕಾರಿ ಕಚೇರಿಯ ಮುಂಭಾಗಕ್ಕೆ ಅದನ್ನು ಕೂರಿಸಿದರು. ಸಪಾಟಾದ ಆಧುನಿಕ ಗೋಡೆಯ ನಡುವೆ ಕೆತ್ತನೆ ತುಂಬಿದ ಅರಮನೆಯ ಬಾಗಿಲು ಇಂದಿಗೂ ಇದೆ. ಕಟ್ಟಡದ ಯಾವ ತುಣುಕು ತಮ್ಮ ಚರಿತ್ರೆ, ಯಾವುದು ಅಲ್ಲ ಎಂದು ಸರ್ಕಾರವೊಂದು ಇಷ್ಟು ನಿಚ್ಚಳವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅರಮನೆಯ ಜಾಗದಲ್ಲಿ 1976ರಲ್ಲಿ ‘ಗಣರಾಜ್ಯದ ಅರಮನೆ’ ತೆರೆಯಿತು: ಒಂದೇ ಸೂರಿನಡಿ ಸಂಸತ್ತು, ಸಭಾಂಗಣ, ಉಪಾಹಾರ ಗೃಹಗಳು, ಬೌಲಿಂಗ್ ಅಂಕಣ. 1990ರಲ್ಲಿ, ಕಟ್ಟಡದಲ್ಲಿ ಬಳಸಿದ್ದ ಕಲ್ನಾರಿನಿಂದ (ಆಸ್ಬೆಸ್ಟಾಸ್) ಆರೋಗ್ಯಕ್ಕೆ ಅಪಾಯವೆಂದು ಮುಚ್ಚಿದರು. ಕಲ್ನಾರನ್ನು ತೆಗೆದ ಮೇಲೂ, ಒಂದಾದ ಜರ್ಮನಿಯ ಸಂಸತ್ತಿನ ನಿರ್ಣಯದಂತೆ, 2006ರಿಂದ 2008ರವರೆಗೆ ಅದನ್ನೂ ಕೆಡವಿದರು. ಪೂರ್ವದ ಅನೇಕರಿಗೆ ಅಲ್ಲಿ ಕಳೆದ ಸಂಜೆಗಳ ನೆನಪಿತ್ತು. ಅವರ ನೋವಿಗೆ ಸಿಗಬೇಕಾದ ಬೆಲೆ ಸಿಗಲಿಲ್ಲವೆಂದೇ ನನ್ನ ಭಾವನೆ.

ಈಗ ಅಲ್ಲಿರುವುದು ಹುಂಬೋಲ್ಟ್ ಫೋರಂ ಎಂಬ ವಸ್ತುಸಂಗ್ರಹಾಲಯ. ಹೊರಗಿನ ಮೂರು ಬದಿ ಹಳೆಯ ಅರಮನೆಯ ಪ್ರತಿರೂಪ, ನದಿಯ ಕಡೆಯ ನಾಲ್ಕನೆಯದು ಹೊಸ ಕಾಲದ ಗೋಡೆ.