ತಾತನ ಕೆರೆ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮೂರ ಪಕ್ಕದಲ್ಲೇ ಕೆರೆ ಇತ್ತು, ಅದರಲ್ಲೇ ಈಜು ಕಲಿತೆ ಅಂತ ತಾತ ಹೇಳುತ್ತಿದ್ದರು. ಈಗ ಅಲ್ಲೆಲ್ಲಾ ಲೇಔಟು. ಗೂಗಲ್ ಅರ್ಥ್‌ನಲ್ಲಿ ಹಳೇ ಚಿತ್ರ ನೋಡಿದರೂ ಸಿಗಲಿಲ್ಲ. ಬೇರೆ ದಾರಿ ಇದೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ಇದೆ. ಗೂಗಲ್ ಅರ್ಥ್‌ನಲ್ಲಿ ನಮ್ಮ ಹಳ್ಳಿಗಳ ಸ್ಪಷ್ಟ ಚಿತ್ರ ಸಿಗುವುದು ಹೆಚ್ಚುಕಡಿಮೆ 2000ದಿಂದ ಈಚೆಗೆ. ಅಷ್ಟರಲ್ಲಿ ನಿಮ್ಮ ಕೆರೆ ಮುಚ್ಚಿಹೋಗಿರಬೇಕು. ಮೊದಲು ಊರಿನ ಕಂದಾಯ ನಕ್ಷೆ ತೆಗೆಯಿರಿ. ಭೂದಾಖಲೆ ಇಲಾಖೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಪಿಡಿಎಫ್ ಸಿಗುತ್ತದೆ. ಹೊಲಗಳ ಗೆರೆಗಳ ಮಧ್ಯೆ ಬಿಲ್ಲಿನಂತೆ ಬಾಗಿದ ಏರಿ, ಅದಕ್ಕೆ ಬಂದು ಸೇರುವ ಹಳ್ಳ ಕಂಡರೆ ಕೆರೆ ಸಿಕ್ಕಿತು ಅಂತಲೇ ಲೆಕ್ಕ. ಅದರ ಸರ್ವೆ ನಂಬರ್ ಬರೆದುಕೊಂಡು, ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಲೇಔಟಿನಲ್ಲಿ ಒಂದು ಸುತ್ತು ಹಾಕಿ, ನೀವು ನಿಂತ ಜಾಗ ಯಾವ ಸರ್ವೆ ನಂಬರಿನದು ಅಂತ ಅದು ತೋರಿಸುತ್ತದೆ.

ಇಲ್ಲ, ಫೋಟೊನೇ ಬೇಕು ಅಂದರೆ ಕರೋನಾ ಇದೆ. ಕಾಯಿಲೆಯಲ್ಲ, ಅಮೆರಿಕದ ಬೇಹುಗಾರಿಕೆ ಉಪಗ್ರಹಗಳು! 1960ರಿಂದ 1972ರವರೆಗೆ ಮೇಲಿಂದ ಫೋಟೊ ತೆಗೆದು, ಫಿಲ್ಮನ್ನು ಪ್ಯಾರಾಚೂಟ್ ಕಟ್ಟಿ ಕೆಳಕ್ಕೆ ಬಿಡುತ್ತಿದ್ದರು, ವಿಮಾನ ಬಂದು ಅದನ್ನು ಗಾಳಿಯಲ್ಲೇ ಹಿಡಿದುಕೊಳ್ಳುತ್ತಿತ್ತು. 1995ರಲ್ಲಿ ಗುಟ್ಟು ಬಿಟ್ಟುಕೊಟ್ಟರು. ಅರ್ಥ್ ಎಕ್ಸ್‌ಪ್ಲೋರರ್ ಎಂಬ ಅಮೆರಿಕದ ಸರ್ಕಾರಿ ತಾಣದಲ್ಲಿ, ಈಗಾಗಲೇ ಸ್ಕ್ಯಾನ್ ಆಗಿರುವುದನ್ನು ಸುಮ್ನೆ ಇಳಿಸಿಕೊಳ್ಳಬಹುದು. ಒಂದು ಮಾತು: ಫೋಟೊ ತೆಗೆದ ತಿಂಗಳು ನೋಡಿಕೊಳ್ಳಿ. ಏಪ್ರಿಲ್ ಆಗಿದ್ದರೆ ನಮ್ಮ ಕಡೆ ಎಷ್ಟೋ ಕೆರೆಗಳಲ್ಲಿ ನೀರೇ ಇರುವುದಿಲ್ಲ ಅಲ್ವಾ? ನೀರು ಹುಡುಕಬೇಡಿ, ಏರಿ ಹುಡುಕಿ. ಏರಿಯ ಕೆಳಗೆ ಗದ್ದೆ, ತೋಟ ಕಪ್ಪಾಗಿ ಕಾಣುತ್ತವೆ, ಮೇಲ್ಗಡೆ ಕೆರೆಯ ಅಂಗಳ ಬೆಳ್ಳಗೆ.

ಪ್ರಶ್ನೆ: ಬೆಂಗಳೂರಿನ ಹಳೇ ನಕ್ಷೆಯನ್ನು ಈಗಿನದರ ಮೇಲೆ ಇಟ್ಟರೆ ಸರಿಯಾಗಿ ಕೂರುವುದಿಲ್ಲ. ಏನು ಮಾಡಲಿ?
– ಕಾಲೇಜು ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಪೂರ್ತಿ ಕೂರುವುದೂ ಇಲ್ಲ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕ್ಯೂಜಿಐಎಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಜಾಗ ಬದಲಿಸದ ನಾಲ್ಕೈದು ಗುರುತು ಹಿಡಿದು ಹೊಂದಿಸಿ. ಹಳೇ ದೇವಸ್ಥಾನ, ಕೋಟೆಯ ಮೂಲೆ, ಇಂಥವು. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ 1791ರಲ್ಲಿ ಬೆಂಗಳೂರಿಗೆ ಮುತ್ತಿಗೆ ಹಾಕಿದ ಕಾಲದ ನಕ್ಷೆಗಾದರೆ ಅವೆನ್ಯೂ ರಸ್ತೆ ಮತ್ತು ಚಿಕ್ಕಪೇಟೆ ಕೂಡುವ ಚೌಕದಿಂದ ಶುರು ಮಾಡಿ. ಆಮೇಲೆ ವಾಯವ್ಯಕ್ಕೆ ಕಣ್ಣು ಹಾಯಿಸಿ, ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನ ಮೇಲೆ ಬಂದು ಕೂತರೆ ನಿಮ್ಮ ಲೆಕ್ಕ ಸರಿ ಇದೆ.