ಬೆಳಿಗ್ಗೆ ಹೊಟ್ಟೆನೋವು, ಹತ್ತು ಗಂಟೆಗೆ ಮಾಯ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಹಳ್ಳಿ. ಗಂಡ ಶಾರ್ಜಾದಲ್ಲಿದ್ದಾರೆ. ಮನೆಯಲ್ಲಿ ನಾನು, ಅತ್ತೆ, ಎರಡನೇ ಕ್ಲಾಸಿನ ಮಗ, ಮೂರು ವರ್ಷದ ಮಗಳು. ಮಗ ಊರಿನ ಕನ್ನಡ ಎಲ್‌ಪಿ, ಅಂದರೆ ಕಿರಿಯ ಪ್ರಾಥಮಿಕ ಶಾಲೆಗೆ ಹೋಗುತ್ತಾನೆ. ಕಳೆದ ವರ್ಷ ಖುಷಿಯಿಂದ ಹೋಗುತ್ತಿದ್ದವನು ಈ ಸಲ ಓಣಂ ರಜೆ ಮುಗಿದ ಮೇಲೆ ವಾರಕ್ಕೆ ಒಂದೆರಡು ದಿನ ಹೊಟ್ಟೆನೋವು ಎಂದು ಮಲಗಿಬಿಡುತ್ತಾನೆ. ಅತ್ತೆ ‘ಮಗು ಅಳ್ತಾ ಉಂಟು, ಒಂದು ದಿನ ಹೋಗದಿದ್ರೆ ಎಂತ ಆಗ್ತದೆ’ ಎಂದು ಓಮದ ಕಷಾಯ ಮಾಡಿಕೊಟ್ಟು ಟಿವಿ ಹಾಕುತ್ತಾರೆ. ಶಾಲೆಯ ಜೀಪು ಹೋದ ಮೇಲೆ ನೋವೂ ಇಲ್ಲ, ಏನೂ ಇಲ್ಲ. ನಾನು ಗದರಿದರೆ ಅತ್ತೆಗೆ ಬೇಜಾರು, ಎರಡು ದಿನ ಮಾತಿಲ್ಲ. ಟೀಚರ್ ಫೋನ್ ಮಾಡಿದಾಗಲೆಲ್ಲ ಜ್ವರ ಎಂದು ಸುಳ್ಳು ಹೇಳುತ್ತಿದ್ದೇನೆ. ಶಾಲೆಯಲ್ಲಿ ಮಕ್ಕಳು ಕಡಿಮೆ, ಹಾಗಾಗಿ ಅವರಿಗೂ ತಲೆಬಿಸಿ ಇರಬೇಕು. ಸಂಜೆ ಬಂದವನು ಬ್ಯಾಗ್ ಕೂಡ ಇಳಿಸದೆ ಬಚ್ಚಲಿಗೆ ಓಡುತ್ತಾನೆ, ಕೊಟ್ಟ ನೀರಿನ ಬಾಟಲಿ ಹಾಗೇ ವಾಪಸ್ ಬರುತ್ತದೆ, ಶಾಲೆಯಲ್ಲಿ ಏನಾಯ್ತು ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ. ಮೈದುನ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹಾಕಿ ಎನ್ನುತ್ತಾನೆ. ನನ್ನ ಅಮ್ಮ ‘ವಿಟ್ಲಕ್ಕೆ ಕಳಿಸು, ನಾವು ನೋಡಿಕೊಳ್ತೇವೆ’ ಎನ್ನುತ್ತಾರೆ. ನಾನು ಏನು ಮಾಡಲಿ?
– ಹೆಸರು ಬೇಡ

ಉತ್ತರ: ತಂಗೀ, ನೀವು ಅತ್ತೆಯ ಬಗ್ಗೆ, ಟೀಚರ್ ಬಗ್ಗೆ, ಮೈದುನನ ಬಗ್ಗೆ ಬರೆದದ್ದನ್ನೆಲ್ಲ ಓದಿದೆ. ಆದರೆ ನನ್ನ ಕಣ್ಣು ನಿಂತದ್ದು ನೀವು ಸುಮ್ನೆ ಹೇಳಿ ಮುಂದೆ ಹೋದ ಒಂದು ಮಾತಿನ ಮೇಲೆ. ಹುಡುಗ ಬ್ಯಾಗ್ ಇಳಿಸದೆ ಬಚ್ಚಲಿಗೆ ಓಡುತ್ತಾನೆ. ಬಾಟಲಿಯ ನೀರು ಹಾಗೇ ಇರುತ್ತದೆ.

ಬೆಳಿಗ್ಗೆ ಜೀಪು ಹತ್ತಿದವನು ಸಂಜೆ ಮನೆ ಸೇರುವವರೆಗೆ ಒಂದಕ್ಕೂ ಹೋಗುತ್ತಿಲ್ಲ, ಎರಡಕ್ಕೂ ಹೋಗುತ್ತಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಹೋಗುವ ಪ್ರಸಂಗವೇ ಬರಬಾರದು ಎಂದು ನೀರು ಕುಡಿಯುವುದನ್ನೂ ಬಿಟ್ಟಿದ್ದಾನೆ. ಏಳು ವರ್ಷದ ಮಗು ಒಬ್ಬನೇ ಕೂತು ಹುಡುಕಿಕೊಂಡ ಉಪಾಯ ಇದು. ಇದರಿಂದ ಏನಾಗುತ್ತದೆ ಎಂದರೆ, ನೀರು ಕಡಿಮೆಯಾಗಿ ಮಲ ಗಟ್ಟಿಯಾಗುತ್ತದೆ. ತಡೆದು ತಡೆದು ಇನ್ನೂ ಗಟ್ಟಿಯಾಗುತ್ತದೆ. ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಚಿಕ್ಕ ಮಕ್ಕಳಲ್ಲಿ ಮತ್ತೆ ಮತ್ತೆ ಬರುವ ಹೊಟ್ಟೆನೋವಿಗೆ ಮಲಬದ್ಧತೆ ಬಹಳ ಸಾಮಾನ್ಯವಾದ ಕಾರಣ. ಮೂತ್ರ ಕಟ್ಟಿಕೊಂಡು ಕೂತರೆ ಮೂತ್ರದ ಸೋಂಕು ಆಗುವುದೂ ಉಂಟು. ಹೆದರಿಕೆಯೊಂದಿದ್ದರೂ ಸಾಕು, ಮಕ್ಕಳ ಹೊಟ್ಟೆ ಹಿಂಡುತ್ತದೆ. ಜೀಪು ಹೋದ ಮೇಲೆ ಹೆದರಿಕೆ ಇಳಿಯುತ್ತದೆ, ಮನೆಯ ಬಚ್ಚಲಿಗೆ ನೆಮ್ಮದಿಯಿಂದ ಹೋಗಿ ಬರುತ್ತಾನೆ, ಹತ್ತು ಗಂಟೆಗೆ ಆಟವಾಡುತ್ತಾನೆ. ಅದನ್ನು ನೋಡಿ ನಾಟಕ ಎಂದು ದಯವಿಟ್ಟು ಹೇಳಬೇಡಿ. ಒಮ್ಮೆ ನಾಟಕ ಎಂದು ಕೇಳಿದ ಮಗು ಮುಂದೆ ನಿಜವಾದ ನೋವನ್ನೂ ನಿಮಗೆ ಹೇಳುವುದಿಲ್ಲ.

ಹಾಗಾಗಿ ಮೊದಲು ಡಾಕ್ಟರ್. ನಿಮ್ಮ ಪಂಚಾಯತಿನ ಆರೋಗ್ಯ ಕೇಂದ್ರಕ್ಕೇ ಹೋಗಿ, ಸಾಕು. ಎಷ್ಟು ದಿನಕ್ಕೊಮ್ಮೆ ಎರಡಕ್ಕೆ ಹೋಗುತ್ತಾನೆ, ಗಟ್ಟಿಯಾಗಿರುತ್ತದಾ, ಉರಿ ಇದೆಯಾ, ಇದನ್ನೆಲ್ಲ ನಾಲ್ಕು ದಿನ ಗಮನಿಸಿಟ್ಟುಕೊಂಡು ಹೋಗಿ. ಮೂತ್ರ ಪರೀಕ್ಷೆ ಬೇಕಾ ಎಂದು ನೀವೇ ಕೇಳಿ. ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ನೋವು, ತೂಕ ಇಳಿಯುವುದು, ಮಲದಲ್ಲಿ ರಕ್ತ, ಪದೇ ಪದೇ ವಾಂತಿ, ಹೊಟ್ಟೆಯ ಬಲಭಾಗದಲ್ಲಿ ಕೆಳಗೆ ಒಂದೇ ಕಡೆ ನೋವು, ಇವುಗಳಲ್ಲಿ ಯಾವುದೊಂದಿದ್ದರೂ ನಾಲ್ಕು ದಿನ ಕಾಯಬೇಡಿ, ಅಂದೇ ಹೋಗಿ.

ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ನೀವು ಬಂದು ‘ಡಾಕ್ಟರ್ ಹೀಗಂದ್ರು’ ಎಂದು ಹೇಳಿದರೆ ಅದು ಸೊಸೆಯ ಮಾತಾಗುತ್ತದೆ. ಅವರ ಕಿವಿಗೇ ಡಾಕ್ಟರ್ ಹೇಳಲಿ. ಮೊಮ್ಮಗನ ಅಳು ಅವರ ಕೈಯಲ್ಲಿ ನೋಡಲಾಗುವುದಿಲ್ಲ, ಅಷ್ಟೇ ಅಲ್ವಾ? ಅವರು ನಿಮ್ಮ ವಿರುದ್ಧ ನಿಂತಿಲ್ಲ. ಮಗುವಿಗೆ ನಿಜವಾಗಿ ಏನು ಬೇಕು ಎಂದು ಗೊತ್ತಾದರೆ, ಕಷಾಯ ಕುದಿಸುವ ಅದೇ ಪ್ರೀತಿಯಲ್ಲಿ ಅದನ್ನೂ ಮಾಡುತ್ತಾರೆ.

ಇನ್ನು ಮಗನ ಬಾಯಿ ಬಿಡಿಸುವ ವಿಷಯ. ಎದುರು ಕೂರಿಸಿ ‘ಯಾಕೆ ಹೋಗುವುದಿಲ್ಲ, ಹೇಳು’ ಎಂದರೆ ದೊಡ್ಡವರಿಗೂ ಬಾಯಿ ಬರುವುದಿಲ್ಲ. ಪಕ್ಕದಲ್ಲಿದ್ದು ಕೇಳಿ. ಸೊಸೈಟಿಗೆ ಹಾಲು ಕೊಡಲು ಹೋಗುವಾಗ, ಅಂಗಳದಲ್ಲಿ ಅಡಿಕೆ ಹರವುವಾಗ, ರಾತ್ರಿ ದೀಪ ಆರಿಸಿ ಮಲಗಿದ ಮೇಲೆ. ಅವನ ಬಗ್ಗೆ ಕೇಳಬೇಡಿ, ಜಾಗದ ಬಗ್ಗೆ ಕೇಳಿ. ನಿಮ್ಮ ಶಾಲೆಯ ಟಾಯ್ಲೆಟ್‌ಗೆ ಚಿಲಕ ಸರಿ ಇದೆಯಾ? ಒಳಗೆ ಕತ್ತಲಾ? ನೀರು ಬರ್ತದಾ? ಕಪ್ಪೆ, ಚೇರಟೆಯಂಥ ಹುಳ ಇರ್ತದಾ? ದೊಡ್ಡ ಮಕ್ಕಳು ಹೊರಗೆ ನಿಂತು ಬಾಗಿಲು ಬಡಿಯುತ್ತಾರಾ? ಮಳೆಗಾಲ ಮುಗಿಯುವ ಹೊತ್ತಿಗೆ ಈ ಕಡೆಯ ಶಾಲೆಗಳ ಟಾಯ್ಲೆಟ್ ದಾರಿ ಪಾಚಿ ಕಟ್ಟಿ ಜಾರುತ್ತಿರುತ್ತದೆ. ಒಮ್ಮೆ ಜಾರಿ ಬಿದ್ದು ಚಡ್ಡಿ ಒದ್ದೆಯಾಗಿ ಉಳಿದವರು ನಕ್ಕರೆ, ಆ ವಯಸ್ಸಿನ ಮಗುವಿಗೆ ಅಷ್ಟೇ ಸಾಕು. ಓಣಂ ಆದ ಮೇಲೆ ಶುರುವಾಯಿತು ಎಂದರೆ ಆ ಸುಮಾರಿಗೆ ಏನೋ ನಡೆದಿದೆ.

ಅಲ್ಲಿ ಯಾರಾದರೂ ಹೆದರಿಸಿದರು, ಮುಟ್ಟಬಾರದ ಕಡೆ ಮುಟ್ಟಿದರು ಎಂಬ ಮಾತು ಬಂದರೆ ನೀವು ಬೆಚ್ಚಿ ಬೀಳಬೇಡಿ, ಮುಖ ಬದಲಿಸಬೇಡಿ. ‘ಹೇಳಿದ್ದು ಒಳ್ಳೆಯದಾಯ್ತು, ನಿನ್ನದೇನೂ ತಪ್ಪಿಲ್ಲ’ ಎಂದಷ್ಟೇ ಹೇಳಿ. ಆಮೇಲೆ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ದುಡ್ಡು ಬೇಡ, ಹಗಲೂ ರಾತ್ರಿಯೂ ಇರುತ್ತದೆ. ಹೆಚ್ಚಿನ ಮಕ್ಕಳ ವಿಷಯದಲ್ಲಿ ಕತ್ತಲೆ, ವಾಸನೆ, ಚಿಲಕ ಇಷ್ಟೇ ಇರುತ್ತದೆ. ಆದರೂ ಕೇಳದೆ ಬಿಡುವ ವಿಷಯ ಅಲ್ಲ.

ಟೀಚರ್ ಹತ್ತಿರ ನಿಜ ಹೇಳಿಬಿಡಿ. ಕ್ಲಾಸಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಬೇಡ, ಸಂಜೆ ಶಾಲೆ ಬಿಡುವ ಹೊತ್ತಿಗೆ ಹೋಗಿ ಇಬ್ಬರೇ ಮಾತಾಡಿ. ‘ಟೀಚರ್, ಅವನಿಗೆ ಜ್ವರ ಇರಲಿಲ್ಲ, ನನಗೆ ಹೇಳಲು ನಾಚಿಕೆಯಾಯಿತು’ ಎಂದರೆ ಮುಗಿಯಿತು. ನೀವು ಫೋನಿನಲ್ಲಿ ಜ್ವರ ಎನ್ನುವಾಗ ಮಗ ಪಕ್ಕದಲ್ಲೇ ಕೂತು ಕೇಳುತ್ತಿರುತ್ತಾನೆ. ಶಾಲೆಯಿಂದ ಮುಚ್ಚಿಡುವ ಏನೋ ಒಂದು ನಮ್ಮ ಮನೆಯಲ್ಲಿದೆ ಎಂದು ಅವನಿಗೆ ಆಗುತ್ತದೆ. ಹಾಗಾಗಿಯೂ ಅವನು ಟೀಚರ್ ಹತ್ತಿರ ಏನೂ ಹೇಳುತ್ತಿಲ್ಲದಿರಬಹುದು.

ಮಕ್ಕಳು ಕಡಿಮೆ ಎಂಬ ತಲೆಬಿಸಿಯಿಂದ ಫೋನ್ ಮಾಡುತ್ತಾರೆ ಎಂದು ಬರೆದಿದ್ದೀರಿ. ಕೇರಳದಲ್ಲಿ ಟೀಚರ್ ಹುದ್ದೆ ಉಳಿಯುವುದು ಶಾಲೆ ತೆರೆದ ಆರನೇ ಕೆಲಸದ ದಿನದ ಮಕ್ಕಳ ಲೆಕ್ಕದ ಮೇಲೆ. ಆ ಲೆಕ್ಕ ಜೂನಿನಲ್ಲೇ ಮುಗಿಯಿತು. ಈಗ ಅವರು ಫೋನ್ ಮಾಡುತ್ತಿರುವುದು ನಿಮ್ಮ ಮಗನಿಗಾಗಿ. ಹೆಸರು ಹೊಡೆದು ಹಾಕುತ್ತಾರೆ ಎಂಬ ಹೆದರಿಕೆ ಒಳಗೊಳಗೆ ಇದ್ದರೆ ಅದನ್ನೂ ಬಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ಕ್ಲಾಸ್ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ.

ಚಿಕ್ಕ ಶಾಲೆಯಿಂದ ನಿಮಗೆ ಅನುಕೂಲವೇ ಜಾಸ್ತಿ. ಹತ್ತು ಹದಿನೈದು ಮಕ್ಕಳ ಕ್ಲಾಸಿನಲ್ಲಿ ಟೀಚರ್ ಒಬ್ಬನನ್ನು ಗಮನಿಸಬಲ್ಲರು. ಬಿಡುವಿನ ಗದ್ದಲ ಶುರುವಾಗುವ ಐದು ನಿಮಿಷ ಮೊದಲು ಒಬ್ಬ ಗೆಳೆಯನ ಜೊತೆ ಅವನನ್ನು ಟಾಯ್ಲೆಟ್‌ಗೆ ಕಳಿಸಿ ಎಂದು ಕೇಳಿಕೊಳ್ಳಿ. ಕ್ಲಾಸಿನ ನಡುವೆ ಎದ್ದು ಕೇಳಲು ನಾಚಿಕೆಯಾದರೆ ಬೆರಳು ತೋರಿಸಿದರೆ ಸಾಕು ಎಂದು ಮಾತಾಗಲಿ. 2024ರ ಬೇಸಿಗೆಯಲ್ಲಿ ಕೇರಳದ ಶಾಲೆಗಳಲ್ಲಿ ಬೆಳಿಗ್ಗೆ ಹತ್ತೂವರೆಗೆ, ಮಧ್ಯಾಹ್ನ ಎರಡೂವರೆಗೆ ನೀರು ಕುಡಿಯಲು ಗಂಟೆ ಹೊಡೆಯುವ ವಾಟರ್ ಬೆಲ್ ತಂದಿದ್ದರು. ಅದನ್ನು ವರ್ಷವಿಡೀ ಹೊಡೆದರೂ ನಷ್ಟವಿಲ್ಲ. ಎಲ್ಲರೂ ಕುಡಿಯುವಾಗ ನಿಮ್ಮವನೂ ಕುಡಿಯುತ್ತಾನೆ.

ಚಿಲಕ ಮುರಿದಿದ್ದರೆ, ನೀರಿಲ್ಲದಿದ್ದರೆ ಅದನ್ನು ಪಿಟಿಎ, ಅಂದರೆ ಹೆತ್ತವರ ಮತ್ತು ಟೀಚರ್‌ಗಳ ಸಂಘದ ಮೀಟಿಂಗಿನಲ್ಲಿ ಎತ್ತಿ. ಕನ್ನಡ ಶಾಲೆಗೆ ಕೆಟ್ಟ ಹೆಸರು ಬರುತ್ತದೆ, ಇರುವ ನಾಲ್ಕು ಮಕ್ಕಳೂ ಹೋಗುತ್ತಾರೆ ಎಂದು ನಮ್ಮ ಗಡಿನಾಡಿನಲ್ಲಿ ಇಂಥದ್ದನ್ನು ನುಂಗಿಕೊಳ್ಳುತ್ತೇವೆ. ನುಂಗಿಕೊಂಡರೇ ಮಕ್ಕಳು ಹೋಗುವುದು. ಗಂಡು ಮಕ್ಕಳಿಗೆ, ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಟಾಯ್ಲೆಟ್, ಕುಡಿಯುವ ಶುದ್ಧ ನೀರು ಇರಲೇಬೇಕು ಎಂದು ಅದೇ ಕಾಯ್ದೆಯಲ್ಲಿ ಬರೆದಿದೆ. ಸರಕಾರಿ ಎಲ್‌ಪಿ ಶಾಲೆಯಾದರೆ ವಾರ್ಡ್ ಮೆಂಬರನ್ನು ಹಿಡಿಯಿರಿ, ಆ ಶಾಲೆಗಳ ಹೊಣೆ ಗ್ರಾಮ ಪಂಚಾಯತಿಗೆ ಸೇರಿದ್ದು. ಎಯ್ಡೆಡ್, ಅಂದರೆ ಸರಕಾರದ ಅನುದಾನದಲ್ಲಿ ನಡೆಯುವ ಖಾಸಗಿ ಶಾಲೆಯಾದರೆ ಮ್ಯಾನೇಜರ್ ಹತ್ತಿರ ಹೋಗಿ. ಇಬ್ಬರು ಅಮ್ಮಂದಿರನ್ನು ಜೊತೆಗೆ ಕರೆದುಕೊಳ್ಳಿ. ನಿಮ್ಮವನಷ್ಟೇ ನೀರು ಕುಡಿಯದೆ ಕೂರುತ್ತಿದ್ದಾನೆ ಎಂದು ನನಗನ್ನಿಸುವುದಿಲ್ಲ, ಉಳಿದವರ ಬಾಟಲಿಯನ್ನೂ ಕೇಳಿ ನೋಡಿ.

ಈಗ ಮನೆಯ ಬೆಳಗು. ಅವನನ್ನು ಅರ್ಧ ಗಂಟೆ ಮೊದಲು ಎಬ್ಬಿಸಿ. ಎದ್ದ ಕೂಡಲೇ ಒಂದು ಲೋಟ ಬೆಚ್ಚಗಿನ ನೀರು. ತಿಂಡಿಯಾದ ಮೇಲೆ ಹತ್ತು ನಿಮಿಷ ಟಾಯ್ಲೆಟ್‌ನಲ್ಲಿ ಕೂರಲಿ, ಬಂದರೂ ಸರಿ, ಬಾರದಿದ್ದರೂ ಸರಿ. ತಿಂದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ, ಹಾಗಾಗಿ ಆ ಹೊತ್ತು ಒಳ್ಳೆಯದು. ಊಟಕ್ಕೆ ಬಸಳೆ, ಅಲಸಂಡೆ, ಸಂಜೆ ಒಂದು ಬಾಳೆಹಣ್ಣು. ಇದು ಅತ್ತೆಯ ಇಲಾಖೆಯಾಗಲಿ. ‘ಹೊಟ್ಟೆ ನೋಯ್ತಿದೆಯಾ’ ಎಂದು ಮಾತ್ರ ಯಾರೂ ಕೇಳಬೇಡಿ. ಕೇಳಿದರೆ ನೋಯುತ್ತದೆ. ಜೀಪು ಬರುವ ಜಾಗದವರೆಗೆ ಅಜ್ಜಿಯೇ ಕೈಹಿಡಿದು ಕರೆದುಕೊಂಡು ಹೋಗಲಿ, ನೀವು ಮಗಳನ್ನು ಹಿಡಿದುಕೊಂಡು ಹಿಂದೆ ಇರಿ. ಇಷ್ಟು ದಿನ ಮನೆಯಲ್ಲಿ ಉಳಿಸಿಕೊಂಡ ಅಜ್ಜಿಯೇ ಕಳಿಸುತ್ತಿದ್ದಾಳೆ ಎಂದರೆ ಹುಡುಗನಿಗೆ ಮತ್ತೆ ಯಾರ ಕಡೆ ತಿರುಗಲಿ ಎಂದಿರುವುದಿಲ್ಲ. ಮೊದಲ ಕೆಲವು ದಿನ ಅಳಬಹುದು. ಅತ್ತರೂ ಮೆಲ್ಲನೆ ಹತ್ತಿಸಿ, ಟಾಟಾ ಮಾಡಿ, ತಿರುಗಿ ಬಂದುಬಿಡಿ.

ಯಾವಾಗ ರಜೆ ಮಾಡಿಸಬೇಕು ಎಂಬ ಗೊಂದಲ ಅತ್ತೆಗೂ ನಿಮಗೂ ಬೇಡ. ಜ್ವರ ಬಂದರೆ ಮನೆ, ಔಷಧಿ ಇಲ್ಲದೆ ಜ್ವರ ಬಿಟ್ಟು 24 ಗಂಟೆಯಾದ ಮೇಲೆ ಶಾಲೆ. ವಾಂತಿ ಭೇದಿಯಾದರೆ ನಿಂತು ಎರಡು ದಿನ. ಸಿಡುಬಿನ ಹಾಗೆ ಗುಳ್ಳೆ ಏಳುವ ಚಿಕನ್ ಪಾಕ್ಸ್ ಆದರೆ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ. ನೆಗಡಿ, ಸಣ್ಣ ಕೆಮ್ಮು, ತಲೆಯ ಹೇನು, ಇದಕ್ಕೆಲ್ಲ ರಜೆ ಬೇಡ. ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟರೆ ರಜೆ. ಮರುದಿನ ಮೋಡ ನೋಡಿ ಮನೆಯವರು ಇನ್ನೊಂದು ಕೊಡುವುದು ಬೇಡ.

ಉಳಿಯಲೇಬೇಕಾದ ದಿನ ಬಂದರೆ ಅದು ಹುಷಾರಿಲ್ಲದವನ ದಿನದ ಹಾಗೇ ಇರಲಿ. ಕಷಾಯ ಕೊಡಲಿ, ಗಂಜಿ ಕೊಡಲಿ, ಮಲಗಿಸಿ ಕಥೆ ಹೇಳಲಿ. ಟಿವಿ, ಮೊಬೈಲ್ ಶಾಲೆ ಬಿಡುವ ಹೊತ್ತಿನವರೆಗೆ ಇಲ್ಲ. ಶಿಕ್ಷೆ ಎಂದು ಹೇಳಬೇಡಿ, ಮುಖ ಗಂಟು ಹಾಕಬೇಡಿ. ಸಂಜೆ ಗೆಳೆಯನ ಪುಸ್ತಕ ತರಿಸಿ ಅಂದಿನ ಪಾಠ ಒಟ್ಟಿಗೆ ಕೂತು ಓದಿ. ಎರಡನೇ ಕ್ಲಾಸೆಂದರೆ ಒತ್ತಕ್ಷರ ಗಟ್ಟಿಯಾಗುವ ಕಾಲ. ಇವತ್ತು ತಪ್ಪಿದರೆ ನಾಳೆ ಬೋರ್ಡಿನಲ್ಲಿರುವುದು ಓದಲು ಬರುವುದಿಲ್ಲ. ಓದಲು ಬಾರದ್ದು ಶಾಲೆಗೆ ಹೋಗದಿರಲು ಇನ್ನೊಂದು ಕಾರಣವಾಗುತ್ತದೆ. ಒಂದು ದಿನ ಹೋಗದಿದ್ದರೆ ಎಂತ ಆಗ್ತದೆ ಎಂದು ಅತ್ತೆ ಕೇಳಿದರಲ್ಲ, ಲೆಕ್ಕ ಹೀಗಿದೆ. ಪ್ರೈಮರಿಗೆ ವರ್ಷಕ್ಕೆ ಕನಿಷ್ಠ 200 ದಿನ ಪಾಠ. ತಿಂಗಳಿಗೆ ಎರಡೇ ದಿನ ತಪ್ಪಿದರೂ ವರ್ಷಕ್ಕೆ 20 ದಿನ, ಅಂದರೆ ಸುಮಾರು ಒಂದು ತಿಂಗಳ ಶಾಲೆ. ನಿಮ್ಮವನು ವಾರಕ್ಕೇ ಒಂದೆರಡು ತಪ್ಪಿಸುತ್ತಿದ್ದಾನೆ.

ಗಂಡನಿಗೂ ಒಂದು ಕೆಲಸ ಇದೆ. ರಾತ್ರಿ ವಿಡಿಯೋ ಕಾಲಿನಲ್ಲಿ ‘ಇವತ್ತು ಹೋದೆಯಾ’ ಎಂದು ವಿಚಾರಣೆ ಮಾಡುವುದು ಬೇಡ. ‘ಇವತ್ತು ಊಟಕ್ಕೆ ಏನಿತ್ತು, ನಿನ್ನ ಪಕ್ಕ ಯಾರು ಕೂತಿದ್ದ, ಒಂದು ಪುಟ ಓದಿ ಹೇಳು’ ಎನ್ನಲಿ. ಅಪ್ಪನಿಗೆ ಹೇಳಲಿಕ್ಕಾದರೂ ಶಾಲೆಯಲ್ಲಿ ಏನಾದರೂ ನೋಡಿಕೊಂಡು ಬರುತ್ತಾನೆ.

ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆವರೆಗೆ ದೈವದ ನೇಮ, ಮದುವೆ, ಗೃಹಪ್ರವೇಶ ಒಂದರ ಹಿಂದೆ ಒಂದು. ತವರಿನ ನೇಮ ಬಿಡಿ ಎಂದು ನಾನು ಹೇಳುವುದಿಲ್ಲ, ಮಕ್ಕಳು ಅದನ್ನೂ ನೋಡಬೇಕು. ಒಂದು ದಿನ ಎಂದು ಮೊದಲೇ ಟೀಚರಿಗೆ ಹೇಳಿ ಹೋಗಿ, ಒಂದೇ ದಿನಕ್ಕೆ ಮುಗಿಸಿ ಬನ್ನಿ.

ಶಾಲೆ ಬದಲಿಸುವ ಮಾತು ಈಗ ಬೇಡ. ಪೇಟೆಯ ಶಾಲೆಯಲ್ಲೂ ಟಾಯ್ಲೆಟ್ ಇರುತ್ತದೆ, ಮಕ್ಕಳು ಇನ್ನೂ ಜಾಸ್ತಿ, ಜೊತೆಗೆ ಗೊತ್ತಿಲ್ಲದ ಭಾಷೆಯಲ್ಲಿ ಪಾಠ. ಹೆದರಿಕೆ ಬಸ್ಸು ಹತ್ತಿ ಅಲ್ಲಿಗೂ ಹೋಗುತ್ತದೆ. ವಿಟ್ಲಕ್ಕೆ ಕಳಿಸುವುದಂತೂ ಬೇಡವೇ ಬೇಡ. ಅಪ್ಪ ದೂರ ಇದ್ದಾರೆ, ಈಗ ಅಮ್ಮನೂ ದೂರವಾದರೆ ಹೊಟ್ಟೆನೋವಿಗೆ ನನ್ನನ್ನು ಕಳಿಸಿಬಿಟ್ಟರು ಎಂದು ಮಗು ತಿಳಿಯುತ್ತದೆ. ನಿಮ್ಮ ಅಮ್ಮನಿಗೆ ಬೇಕಾದರೆ ಅವರೇ ಒಂದು ವಾರ ಬಂದು ಇರಲಿ.

ಇಷ್ಟೆಲ್ಲ ಮಾಡಿ ಮೂರು ವಾರವಾದರೂ ಅಳು ನಿಲ್ಲದಿದ್ದರೆ, ಊಟ ನಿದ್ದೆ ಕೆಟ್ಟರೆ, ಆರೋಗ್ಯ ಕೇಂದ್ರದ ಡಾಕ್ಟರ್ ಹತ್ತಿರ ಚೀಟಿ ಬರೆಸಿಕೊಂಡು ಕಾಸರಗೋಡಿನ ಜನರಲ್ ಆಸ್ಪತ್ರೆಯ ಮಕ್ಕಳ ಡಾಕ್ಟರಿಗೆ ತೋರಿಸಿ. ಮಕ್ಕಳ ಮನಸ್ಸಿನ ವಿಷಯ ನೋಡುವವರಿಗೂ ತೋರಿಸಬೇಕಾ ಎಂದು ಅವರನ್ನೇ ಕೇಳಿ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಅಲ್ಲಿಗೂ ಅತ್ತೆಯನ್ನು ಕರೆದುಕೊಂಡೇ ಹೋಗಿ.