ಶಿಕ್ಷಣ ತಜ್ಞ ಡಿ.ಸಿ. ಪಾವಟೆಯವರ ಹೆಸರಿನ ಹಿಂದೆ 'ರ‍್ಯಾಂಗ್ಲರ್' ಅಂತ ಯಾಕಿದೆ? ಅದು ಮನೆತನದ ಹೆಸರಾ?

ಮನೆತನದ ಹೆಸರಲ್ಲ, ಅದು ಪರೀಕ್ಷೆಯಲ್ಲಿ ಗಳಿಸಿದ ಬಿರುದು. ಕೇಂಬ್ರಿಡ್ಜ್‌ನಲ್ಲಿ 'ಮ್ಯಾಥಮೆಟಿಕಲ್ ಟ್ರೈಪಾಸ್' ಅನ್ನುವ ಗಣಿತದ ಪದವಿ ಪರೀಕ್ಷೆ ಇದೆ. ಅದರ ಕೊನೆಯ ವರ್ಷದಲ್ಲಿ ಫಸ್ಟ್ ಕ್ಲಾಸ್ ಬಂದವರೆಲ್ಲ ರ‍್ಯಾಂಗ್ಲರ್.

ಇಂಗ್ಲಿಷಿನಲ್ಲಿ ಈ ಪದಕ್ಕೆ 'ವಾದಕ್ಕಿಳಿಯುವವನು' ಅಂತ ಅರ್ಥ. ಗಣಿತಕ್ಕೂ ಜಗಳಕ್ಕೂ ಏನು ಸಂಬಂಧ ಅಂತೀರಾ? ಹಿಂದೆ ಅಲ್ಲಿ ಬರೆಯುವ ಪರೀಕ್ಷೆಯೇ ಇರಲಿಲ್ಲ. ಹುಡುಗ ಎದ್ದು ನಿಂತು ಒಂದು ಮಾತು ಸಾಧಿಸಬೇಕು, ಎದುರಿನವರು ಅದನ್ನು ಮುರಿಯಬೇಕು, ಅದೂ ಲ್ಯಾಟಿನ್‌ನಲ್ಲಿ! ಆಮೇಲೆ ಪೆನ್ನು, ಕಾಗದ ಬಂದವು. ಹೆಸರು ಮಾತ್ರ ಹಾಗೇ ಉಳಿಯಿತು.

1909ರವರೆಗೆ ರ‍್ಯಾಂಕ್ ಸಹ ಸಾರುತ್ತಿದ್ದರು. ಮೊದಲು ಬಂದವನು 'ಸೀನಿಯರ್ ರ‍್ಯಾಂಗ್ಲರ್'. 1899ರಲ್ಲಿ ಆರ್.ಪಿ. ಪರಾಂಜಪೆ ಆ ಪಟ್ಟ ಪಡೆದ ಮೊದಲ ಭಾರತೀಯ. ಡಿ.ಸಿ. ಪಾವಟೆ ಹುಟ್ಟಿದ್ದೂ ಅದೇ ವರ್ಷ, ನಮ್ಮ ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ. ಅವರ ಹೊತ್ತಿಗೆ ರ‍್ಯಾಂಕ್ ಸಾರುವುದು ನಿಂತಿತ್ತು. ಹಾಗಾಗಿ 'ಎಷ್ಟನೇ ರ‍್ಯಾಂಗ್ಲರ್' ಅಂತ ಹುಡುಕಬೇಡಿ.

ಗಣಿತ ಕಲಿತವರು ಗಣಿತದಲ್ಲೇ ಉಳಿಯಲಿಲ್ಲ ನೋಡಿ: 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ, ಆಮೇಲೆ ಪಂಜಾಬಿನ ರಾಜ್ಯಪಾಲ. ಬೆಳಗಾವಿ ಕಡೆಯ ಹಿರಿಯರು ಇವತ್ತಿಗೂ 'ರ‍್ಯಾಂಗ್ಲರ್ ಪಾವಟೆ' ಅಂತ ಒಂದೇ ಉಸಿರಿನಲ್ಲಿ ಹೇಳ್ತಾರೆ. ನಾನೂ ಸಣ್ಣವನಿದ್ದಾಗ ಅದು ಅಡ್ಡಹೆಸರು ಅಂತಲೇ ತಿಳಿದಿದ್ದೆ.